ಸಂಘ ನಡೆಸುವ ವಿದ್ಯೆ

ಸಂಸ್ಥೆಗಳ ನಾಯಕತ್ವವು ಈಗ ವಿಶ್ವವಿದ್ಯಾಲಯಗಳಲ್ಲಿ ಸ್ನಾತಕೋತ್ತರ ವ್ಯಾಸಂಗದ ವಿಷಯವಾಗಿದೆ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ತರುಣ ತರುಣಿಯರೂ ದೂರದ ಪಟ್ಟಣಗಳಿಗೆ ಹೋಗಿ ಇದನ್ನು ಕಲಿಯುತ್ತಿದ್ದಾರೆ. ಇದು ಸಂತೋಷದ ಮಾತೇ ಸರಿ. ಆದರೆ ಕಲಿತ ವಿದ್ಯೆಯು ಪರಸ್ಥಳದ ಕಂಪನಿಗಳಿಗೆ ಸಂದು, ಹುಟ್ಟಿದ ಸೀಮೆಯ ಸಂಘಗಳಿಗೆ ಸಲ್ಲದೆ ಹೋಗುವುದೇಕೆಂದು ವಿಚಾರಿಸುವ ಕಾಲ ಬಂದಿದೆ.

ಈ ಮೂರು ತಾಲೂಕುಗಳಿಗೆ ನಾಯಕತ್ವವು ಪುಸ್ತಕದಿಂದ ಬಂದುದಲ್ಲ. 1905ರಲ್ಲಿ ಗದಗಿನ ಸಮೀಪದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರದ ಬೀಜ ಬಿತ್ತಿದರು. 1923ರಲ್ಲಿ ಶಿರಸಿಯಲ್ಲಿ ತೋಟಗಾರರ ಸಹಕಾರಿ ಮಾರಾಟ ಸಂಘವು ಹುಟ್ಟಿತು. ದಲಾಲರ ಮುಂಗಡಕ್ಕೆ ಸಿಕ್ಕಿ ತನ್ನ ಅಡಕೆಗೆ ತಾನೇ ಬೆಲೆ ಕೇಳಲಾರದಿದ್ದ ಬೆಳೆಗಾರನಿಗೆ ಅದು ಆಸರೆಯಾಯಿತು. 1930ರ ದಶಕದ ಆರಂಭದ ಕರನಿರಾಕರಣ ಚಳವಳಿಯಲ್ಲಿ ಇದೇ ಸೀಮೆಯ ರೈತರು ಭೂಮಿ ಕಳೆದುಕೊಂಡರೂ ಎದೆಗುಂದಲಿಲ್ಲ. ಅವರನ್ನು ನಡೆಸಿದವರ ಬಲವು ಪದವಿಯಲ್ಲಿರಲಿಲ್ಲ, ಜನರ ವಿಶ್ವಾಸದಲ್ಲಿತ್ತು.

ಆದರೆ ಇಂದು ಬರಿಯ ವಿಶ್ವಾಸವು ಸಾಲದು. ಚಾಲಿ, ರಾಶಿ, ಬೆಟ್ಟೆಗಳನ್ನು ವಿಂಗಡಿಸಿ ಟೆಂಡರಿಗಿಡುವುದು, ಕಾಳುಮೆಣಸಿನ ವ್ಯಾಪಾರ, ಠೇವಣಿ, ಸಾಲ, ಕಿರಾಣಿ, ಗೊಬ್ಬರ ಎಂದು ಸಂಘದ ಕೆಲಸ ನಾನಾ ಮುಖವಾಗಿ ಬೆಳೆದಿದೆ. ಆಢಾವೆ ಪತ್ರಿಕೆಯನ್ನು ಓದಲಾರದ ನಿರ್ದೇಶಕನು ಎಷ್ಟು ಸಜ್ಜನನಾದರೇನು? ಲೆಕ್ಕ ತಪ್ಪಿದ ದಿನ ಮುಳುಗುವುದು ಅವನ ಮಾನವೊಂದೇ ಅಲ್ಲ. ಕೊಳೆರೋಗದ ಮಳೆಗಾಲದಲ್ಲಿ ಬೆಳೆಗಾರನು ನೆಚ್ಚಿಕೊಂಡ ಗಂಟೂ ಅದರೊಡನೆ ಮುಳುಗುತ್ತದೆ.

ಹಾಗೆಂದು ಕಂಪನಿಯ ಪಾಠವನ್ನು ಇಲ್ಲಿಗೆ ಹಾಗೆಯೇ ತಂದರೆ ಕೆಲಸವಾಗದು. ಕಂಪನಿಯಲ್ಲಿ ಶೇರು ಹೆಚ್ಚಿದ್ದವನ ಮಾತು ಹೆಚ್ಚು. ಸಂಘದಲ್ಲಿ ಸದಸ್ಯನೊಬ್ಬನಿಗೆ ಒಂದೇ ಮತ. ಆ ಸದಸ್ಯನೇ ಒಡೆಯ, ಅವನೇ ಮಾಲು ತರುವವನು, ಅವನೇ ಸಾಲಗಾರ. ಸಾಲ ಮರಳಿಸೆಂದು ಕೇಳಬೇಕಾದುದು ನಾಳೆ ಮತ ಕೊಡುವವನನ್ನೇ! ಅಪ್ರಿಯವಾದ ಸತ್ಯವನ್ನು ಹೇಳಿಯೂ ವಿಶ್ವಾಸವನ್ನು ಉಳಿಸಿಕೊಳ್ಳುವ ಈ ಕಲೆಯೇ ಸಹಕಾರಿ ನಾಯಕತ್ವದ ಸಾರ.

ಇದನ್ನು ಕಲಿಸಲು ಬಾರದೆಂಬುದು ಸುಳ್ಳು. ಗುಜರಾತದ ಆಣಂದದಲ್ಲಿ ವರ್ಗೀಸ್ ಕುರಿಯನ್ನರು 1979ರಲ್ಲಿ ಗ್ರಾಮೀಣ ವ್ಯವಸ್ಥಾಪನ ಸಂಸ್ಥೆಯನ್ನು ಸ್ಥಾಪಿಸಿದರು. ಅಲ್ಲಿಯ ಸ್ನಾತಕೋತ್ತರ ವಿದ್ಯಾರ್ಥಿಗಳು ಹಳ್ಳಿಯಲ್ಲಿ ವಾಸವಿದ್ದು ಕಲಿಯಬೇಕೆಂಬ ಕಟ್ಟಳೆಯಿತ್ತು. 2025ರ ಕಾಯಿದೆಯ ಮೂಲಕ ಅದೇ ಸಂಸ್ಥೆಯು ತ್ರಿಭುವನ ಸಹಕಾರಿ ವಿಶ್ವವಿದ್ಯಾಲಯವಾಯಿತು. ಹಾಲಿನವರು ಮಾಡಿದುದನ್ನು ಅಡಕೆಯವರು ಮಾಡಲಾರರೇ?

ಆದಕಾರಣ ನಮ್ಮ ಸೂಚನೆ ಇಷ್ಟು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವೂ ಮೂರು ತಾಲೂಕುಗಳ ಸಂಘಗಳೂ ಕೂಡಿ ಒಂದು ಸ್ನಾತಕೋತ್ತರ ಪಾಠಕ್ರಮವನ್ನು ಏರ್ಪಡಿಸಲಿ. ವಿದ್ಯಾರ್ಥಿಯು ಒಂದು ಅಡಕೆಯ ಸುಗ್ಗಿಯನ್ನು ಸಂಘದ ವಖಾರಿಯಲ್ಲಿ ಕಳೆಯಲಿ. ಟೆಂಡರು ತೆರೆಯುವಾಗ ಅಲ್ಲಿರಲಿ. ಲೆಕ್ಕಪರಿಶೋಧಕರ ಟೀಕೆಗಳನ್ನು ಓದಲಿ. ಸರ್ವಸಾಧಾರಣ ಸಭೆಯಲ್ಲಿ ಹಿಂದಿನ ಸಾಲಿನ ಸದಸ್ಯನು ಏನೆನ್ನುವನೆಂಬುದನ್ನು ಕೇಳಲಿ. ಸಂಘಗಳು ತಮ್ಮ ಲಾಭದಲ್ಲಿ ಅಲ್ಪಾಂಶವನ್ನು ವಿದ್ಯಾರ್ಥಿವೇತನಕ್ಕೆ ಮೀಸಲಿಡಲಿ. ಆರಿಸಿಬಂದ ನಿರ್ದೇಶಕರೂ ಕೆಲವು ದಿನ ಅದೇ ಬೆಂಚಿನ ಮೇಲೆ ಕುಳಿತರೆ ಅವರ ಘನತೆಗೆ ಕುಂದಿಲ್ಲ.

ತೋಟಗಳಲ್ಲಿ ಮುದುಕರೇ ಉಳಿಯುತ್ತಿರುವ ಈ ಹೊತ್ತಿನಲ್ಲಿ, ಮರಳಿ ಬರುವ ಒಬ್ಬ ತರುಣನಿಗೆ ಮಾಡಲು ಯೋಗ್ಯವಾದ ಕೆಲಸವಿರಬೇಕು. ಹಿರಿಯರು ಸಂಘವನ್ನು ಕಟ್ಟಿಕೊಟ್ಟರು. ಅದನ್ನು ನಡೆಸಬಲ್ಲವರನ್ನು ಸಿದ್ಧಗೊಳಿಸುವುದು ನಮ್ಮ ಹೊಣೆ.