ಕೈಯಿಂದ ಕಲಿಯುವ ವಿಜ್ಞಾನ

ಯಂತ್ರಮಾನವನೆಂದೊಡನೆ ಉಕ್ಕಿನ ಆಕೃತಿಯೊಂದು ನಮ್ಮ ಕಣ್ಮುಂದೆ ನಿಲ್ಲುವುದು. ವಾಸ್ತವವಾಗಿ ಅದರ ಕೆಲಸ ಮೂರೇ: ಅರಿಯುವುದು, ನಿರ್ಧರಿಸುವುದು, ಮಾಡುವುದು. ಜಗಳೂರಿನ ಒಣ ಹೊಲವನ್ನೇ ನೋಡೋಣ. ಎರಡು ಲೋಹದ ಕಡ್ಡಿಗಳನ್ನು ಮಣ್ಣಿನಲ್ಲಿ ನೆಟ್ಟು ವಿದ್ಯುತ್ತು ಹಾಯಿಸಿದರೆ, ತೇವವಿದ್ದಾಗ ಅದು ಸುಲಭವಾಗಿ ಹರಿಯುವುದು; ಮಣ್ಣು ಒಣಗಿದಷ್ಟೂ ತಡೆ ಹೆಚ್ಚುವುದು. ಅಂಗೈಯಗಲದ ಸರ್ಕೀಟೊಂದು ಈ ವ್ಯತ್ಯಾಸವನ್ನು ಗುರುತಿಸಿ ಪಂಪನ್ನು ತಾನೇ ಚಾಲೂ ಮಾಡುವುದು. ಚನ್ನಗಿರಿಯ ಅಡಿಕೆ ತೋಟಕ್ಕೂ ಇದೇ ತತ್ತ್ವ.

ಇಂತಹ ಪ್ರಯೋಗಗಳನ್ನು 6ರಿಂದ 12ನೆಯ ತರಗತಿಯ ಮಕ್ಕಳು ತಾವೇ ಮಾಡಲೆಂದು ಕೇಂದ್ರ ಸರ್ಕಾರವು 2016ರಲ್ಲಿ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳ ಯೋಜನೆಯನ್ನು ಆರಂಭಿಸಿತು. ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನವನ್ನು ಆಗ ನಿಗದಿಪಡಿಸಲಾಗಿತ್ತು.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲೇರಿದವನು ನಾನೇ ಮೊದಲಿಗ. ನಾನು ವಿಜ್ಞಾನವನ್ನು ಬಿಟ್ಟದ್ದು ದ್ವೇಷದಿಂದಲ್ಲ. ಓಮ್‌ನ ನಿಯಮವನ್ನು ಬಾಯಿಪಾಠ ಮಾಡಿದ್ದೆನೇ ಹೊರತು ಒಂದು ತಂತಿಯನ್ನೂ ಜೋಡಿಸಿರಲಿಲ್ಲ. “ಸೈನ್ಸು ನಮಗೆ ಹತ್ತೋದಲ್ಲ ಕಣೋ” ಎಂದು ಅಪ್ಪ ಅಂದಾಗ, ಅಲ್ಲವೆನ್ನಲು ನನ್ನಲ್ಲಿ ಧೈರ್ಯವಿರಲಿಲ್ಲ. ತಂಗಿ ಈಗ ಒಂಬತ್ತನೆಯ ತರಗತಿ. ಬರುವ ವರ್ಷ ಅವಳೂ, ಹೊನ್ನಾಳಿ-ನ್ಯಾಮತಿಗಳ ಅವಳಂತಹ ಎಷ್ಟೋ ಮಕ್ಕಳೂ ಅದೇ ಕವಲುದಾರಿಗೆ ಬರುವರು. ಅಷ್ಟರೊಳಗೆ ಒಮ್ಮೆಯಾದರೂ ಅವರ ಕೈ ಒಂದು ಸರ್ಕೀಟನ್ನು ಜೋಡಿಸಿರಲಿ. ಆಗ ಅವರ ದಾರಿಯನ್ನು ಆರಿಸುವುದು ಅಂಜಿಕೆಯಲ್ಲ, ಅನುಭವ.