ಸಾದಾನೋ, ಪವರ್ರೋ? ಕಾರಿನ ಇಂಜಿನ್ನಿಗೆ ತಕ್ಕ ಆಕ್ಟೇನ್

ಶಿವಮೊಗ್ಗದಿಂದ ಭದ್ರಾವತಿಯವರೆಗೆ ಬಿ.ಎಚ್. ರಸ್ತೆಯ ಯಾವ ಪೆಟ್ರೋಲ್ ಬಂಕ್‌ಗೆ ಹೋದರೂ ಒಂದು ಪ್ರಶ್ನೆ ಎದುರಾಗಬಹುದು: ಸಾದಾ ಹಾಕಲೇ, ಪವರ್ ಹಾಕಲೇ? ಇಂಡಿಯನ್ ಆಯಿಲ್‌ನ ಎಕ್ಸ್‌ಪಿ95, ಎಚ್‌ಪಿಯ ಪವರ್95, ಭಾರತ್ ಪೆಟ್ರೋಲಿಯಂನ ಸ್ಪೀಡ್ ಎಂದು ಹೆಸರುಗಳು ಬೇರೆ ಬೇರೆ. ದೊಡ್ಡ ಊರುಗಳಲ್ಲಿ 100 ಎಂದು ಬರೆದದ್ದೂ ಸಿಗುತ್ತದೆ. ಸಂಖ್ಯೆ ಹೆಚ್ಚಾದಷ್ಟೂ ಪಿಕಪ್, ಮೈಲೇಜ್ ಎರಡೂ ಹೆಚ್ಚುತ್ತವೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಹೊಸ ಕಾರು ಕೊಂಡವರು ಪ್ರೀತಿಯಿಂದ ದುಬಾರಿಯದನ್ನೇ ಹಾಕಿಸುತ್ತಾರೆ. ಆ ಪ್ರೀತಿಯ ಹಣ ಎಲ್ಲಿ ಉಪಯೋಗಕ್ಕೆ ಬರುತ್ತದೆ, ಎಲ್ಲಿ ವ್ಯರ್ಥವಾಗುತ್ತದೆ ಎಂಬುದು ತಿಳಿದಿರಬೇಕು.

ಆಕ್ಟೇನ್ ಸಂಖ್ಯೆ ಪೆಟ್ರೋಲಿನ ಶಕ್ತಿಯನ್ನು ಹೇಳುವುದಿಲ್ಲ, ಅದರ ತಾಳಿಕೆಯನ್ನು ಹೇಳುತ್ತದೆ. ಸಿಲಿಂಡರಿನೊಳಗೆ ಪಿಸ್ಟನ್ ಮೇಲೇರುತ್ತಾ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಒತ್ತಿದಂತೆ ಅದು ಕಾಯುತ್ತದೆ. ಸರಿಯಾದ ಹೊತ್ತಿಗೆ ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸಬೇಕು, ಜ್ವಾಲೆ ಅಲ್ಲಿಂದ ಒಂದೇ ಸಮನೆ ಹರಡಬೇಕು. ಆದರೆ ಜ್ವಾಲೆ ಮೂಲೆಯನ್ನು ಮುಟ್ಟುವ ಮೊದಲೇ ಅಲ್ಲಿ ಉಳಿದ ಮಿಶ್ರಣ ಒತ್ತಡ, ಬಿಸಿ ತಾಳಲಾರದೆ ತಾನಾಗಿಯೇ ಹೊತ್ತಿಕೊಂಡರೆ? ಒಳಗೆ ಒತ್ತಡದ ಅಲೆಗಳೆದ್ದು ಗೋಡೆಗೆ ಬಡಿಯುತ್ತವೆ. ಹೊರಗೆ ಲೋಹ ತಟ್ಟಿದಂತೆ ಟಿಣ್ ಟಿಣ್ ಸದ್ದು ಕೇಳುತ್ತದೆ. ಮೆಕ್ಯಾನಿಕ್‌ಗಳು ‘ನಾಕಿಂಗ್’ ಅನ್ನುವುದು ಇದಕ್ಕೇ. ಒಂದೆರಡು ಸಲ ಆದರೆ ಏನೂ ಆಗದು. ದಿನಗಟ್ಟಲೆ ಹಾಗೆಯೇ ಓಡಿಸಿದರೆ ಪಿಸ್ಟನ್ನಿನ ತಲೆ ಸವೆದು ಗುಳಿಬೀಳುತ್ತದೆ, ರಿಂಗ್ ಕೂರುವ ಅಂಚು ಒಡೆಯುತ್ತದೆ.

ಈ ತಾಳಿಕೆಯನ್ನು ಅಳೆಯುವ ಕ್ರಮ ನನಗೆ ಬಹಳ ಇಷ್ಟವಾದದ್ದು, ಏಕೆಂದರೆ ಇಲ್ಲಿ ಪೆಟ್ರೋಲಿಗೆ ಅಂಕ ಕೊಡುವುದು ಒಂದು ಇಂಜಿನ್. ಒಂದೇ ಸಿಲಿಂಡರಿನ, ಓಡುತ್ತಿರುವಾಗಲೇ ಒತ್ತಡವನ್ನು ಏರಿಸಿ ಇಳಿಸಬಹುದಾದ ವಿಶೇಷ ಇಂಜಿನ್ ಅದು. ನಿಮಿಷಕ್ಕೆ 600 ಸುತ್ತಿನಂತೆ ಓಡಿಸಿ, ಪರೀಕ್ಷೆಯ ಪೆಟ್ರೋಲ್ ಎಷ್ಟು ಒತ್ತಡಕ್ಕೆ ನಾಕ್ ಆಗುತ್ತದೆಂದು ನೋಡುತ್ತಾರೆ. ಆಮೇಲೆ ಎರಡು ಶುದ್ಧ ದ್ರವಗಳ ಮಿಶ್ರಣದೊಂದಿಗೆ ಹೋಲಿಸುತ್ತಾರೆ. ಐಸೊ ಆಕ್ಟೇನ್ ಚೆನ್ನಾಗಿ ತಾಳುವಂಥದ್ದು, ಅದಕ್ಕೆ 100 ಅಂಕ. ನಾರ್ಮಲ್ ಹೆಪ್ಟೇನ್ ಬೇಗನೆ ಸಿಡಿಯುವಂಥದ್ದು, ಅದಕ್ಕೆ 0. ನೂರರಲ್ಲಿ 91 ಪಾಲು ಐಸೊ ಆಕ್ಟೇನ್ ಇರುವ ಮಿಶ್ರಣದಷ್ಟೇ ತಾಳಿದ ಪೆಟ್ರೋಲ್ 91 ಆಕ್ಟೇನಿನದು. ಹೀಗೆ ಬಂದ ಸಂಖ್ಯೆಗೆ ರಿಸರ್ಚ್ ಆಕ್ಟೇನ್ ನಂಬರ್, ಚಿಕ್ಕದಾಗಿ ‘ರಾನ್’ ಎನ್ನುತ್ತಾರೆ. ನಮ್ಮ ದೇಶದ ಬಂಕ್‌ಗಳಲ್ಲೂ ಕಾರಿನ ಕೈಪಿಡಿಗಳಲ್ಲೂ ಇರುವುದು ಈ ರಾನ್ ಲೆಕ್ಕ.

ಅಮೆರಿಕದಲ್ಲಿರುವ ಮಕ್ಕಳು ‘ಇಲ್ಲಿ ಎಲ್ಲರೂ 87 ಹಾಕಿಸುತ್ತಾರೆ’ ಎಂದರೆ ಗಾಬರಿಯಾಗಬೇಡಿ. ಅಲ್ಲಿ ರಾನ್ ಮತ್ತು ಇನ್ನೊಂದು ಪರೀಕ್ಷೆಯ ಸಂಖ್ಯೆ, ಇವೆರಡರ ಸರಾಸರಿಯನ್ನು ಬರೆಯುತ್ತಾರೆ. ಅವರ 87 ಹೆಚ್ಚುಕಡಿಮೆ ನಮ್ಮ 91.

ಇನ್ನು ಕಾರಿಗೆ ಎಷ್ಟು ಬೇಕು ಎಂಬುದು. ಹಳೆಯ ಅಂಬಾಸಡರ್ ಇಂಜಿನ್ನುಗಳು ಮಿಶ್ರಣವನ್ನು ಸುಮಾರು ಏಳರಲ್ಲಿ ಒಂದು ಪಾಲಿಗೆ ಒತ್ತುತ್ತಿದ್ದವು. ಆ ಕಾಲದ ಕಳಪೆ ಪೆಟ್ರೋಲಿಗೆ ಅಷ್ಟೇ ತಾಳಿಕೆ. ಮಾರುತಿ 800 ಬಂದಾಗ ಈ ಒತ್ತುವ ಪ್ರಮಾಣ, ಅಂದರೆ ಕಂಪ್ರೆಷನ್, ಒಂಬತ್ತರ ಹತ್ತಿರ ಬಂತು. ತಾಳಿಕೆ ಹೆಚ್ಚಿಸಲೆಂದು ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸುವ ರೂಢಿ ಅಮೆರಿಕದಲ್ಲಿ 1920ರ ದಶಕದಲ್ಲಿ ಶುರುವಾಗಿ ಜಗತ್ತಿಗೆಲ್ಲ ಹಬ್ಬಿತ್ತು. ಮಕ್ಕಳ ಮೆದುಳಿಗೆ ಹಾನಿ ಮಾಡುವ ಆ ವಿಷ ನಮ್ಮ ದೇಶದ ಬಂಕ್‌ಗಳಿಂದ ಪೂರ್ತಿ ಹೊರಹೋದದ್ದು 2000ದಲ್ಲಿ. ಆಮೇಲೆ ರಿಫೈನರಿಗಳಲ್ಲಿ ಪೆಟ್ರೋಲನ್ನೇ ಸುಧಾರಿಸಿ, ಸಾದಾ ಪೆಟ್ರೋಲಿನ ಕನಿಷ್ಠ ಆಕ್ಟೇನನ್ನು 88ರಿಂದ 91ಕ್ಕೆ ಏರಿಸಿದರು. ಬಲೆನೊ, ಡಿಜೈರ್, ಸ್ವಿಫ್ಟ್‌ಗಳಲ್ಲಿ ಬಂದ 1.2 ಲೀಟರಿನ ಡ್ಯುಯಲ್‌ಜೆಟ್ ಇಂಜಿನ್ ಹನ್ನೆರಡರಲ್ಲಿ ಒಂದು ಪಾಲಿಗೆ ಒತ್ತುತ್ತದೆ. ಆದರೂ ಅದಕ್ಕೆ ಸಾದಾ ಪೆಟ್ರೋಲ್ ಸಾಕು.

‘ಕಂಪ್ರೆಷನ್ ಹತ್ತು ದಾಟಿದರೆ ಪ್ರೀಮಿಯಂ ಹಾಕಿ’ ಎಂಬ ಹಳೆಯ ಸೂತ್ರವನ್ನು ಈಗಲೂ ಕೆಲವರು ಹೇಳುತ್ತಾರೆ. ಅದನ್ನು ನಂಬಬೇಡಿ. ಸಿಲಿಂಡರ್ ತಲೆಯ ಆಕಾರ, ಪೆಟ್ರೋಲ್ ಸಿಂಪಡಿಸುವ ಬಗೆ, ವಾಲ್ವ್ ತೆರೆಯುವ ಹೊತ್ತು, ತಂಪು ಮಾಡುವ ವ್ಯವಸ್ಥೆ ಎಲ್ಲ ಸೇರಿ ಇಂಜಿನ್ನಿನ ಅಗತ್ಯ ನಿರ್ಧಾರವಾಗುತ್ತದೆ. ಅದರ ಲೆಕ್ಕವನ್ನು ಕಂಪನಿಯೇ ಮಾಡಿ ಓನರ್ಸ್ ಮ್ಯಾನ್ಯುವಲ್‌ನಲ್ಲಿ, ಹಲವು ಕಾರುಗಳಲ್ಲಿ ಪೆಟ್ರೋಲ್ ಮುಚ್ಚಳದ ಒಳಬದಿಯಲ್ಲೂ ಬರೆದಿರುತ್ತದೆ. ಅಲ್ಲಿ ‘ರಾನ್ 91 ಅಥವಾ ಹೆಚ್ಚು’ ಎಂದಿದ್ದರೆ ಸಾದಾ ಸಾಕು. ನಮ್ಮ ಎರಡೂ ಊರುಗಳಲ್ಲಿ ಹೆಚ್ಚಾಗಿ ಕಾಣುವ ಆಲ್ಟೊ, ವ್ಯಾಗನ್ ಆರ್, ಸ್ವಿಫ್ಟ್‌ಗಳೆಲ್ಲ ಈ ಗುಂಪಿನವು. ಯೂರೋಪ್ ಕಂಪನಿಗಳ ಕೆಲವು ಟರ್ಬೊ ಪೆಟ್ರೋಲ್ ಕಾರುಗಳಲ್ಲಿ ‘95 ಉತ್ತಮ, 91 ಕನಿಷ್ಠ’ ಎಂಬರ್ಥದ ಬರಹ ಇರುತ್ತದೆ. ಅಲ್ಲಿ ಸಂಖ್ಯೆಗೆ ನಿಜವಾದ ಬೆಲೆ ಇದೆ.

ಏಕೆ ಎಂದರೆ ನಾಕ್ ಸೆನ್ಸರ್. ಇಂಜಿನ್ ಬ್ಲಾಕಿಗೆ ಬೋಲ್ಟ್ ಹಾಕಿ ಕೂರಿಸಿದ ಈ ಪುಟ್ಟ ಬಿಲ್ಲೆ ಲೋಹದ ಕಂಪನವನ್ನು ಆಲಿಸುತ್ತಲೇ ಇರುತ್ತದೆ. ನಾಕಿಂಗಿನ ಕಂಪನ ಸಿಕ್ಕ ಕೂಡಲೇ ಕಂಪ್ಯೂಟರ್ ಕಿಡಿಯನ್ನು ಒಂದಿಷ್ಟು ತಡವಾಗಿ ಹಾರಿಸುತ್ತದೆ. ಇಂಜಿನ್ ಉಳಿಯುತ್ತದೆ, ಆದರೆ ಬಲ ಕೊಂಚ ಕುಗ್ಗುತ್ತದೆ. 95ಕ್ಕೆಂದು ಹೊಂದಿಸಿದ ಟರ್ಬೊ ಇಂಜಿನ್ನಿಗೆ 95 ಕೊಟ್ಟರೆ ಈ ಹಿಂಜರಿಕೆ ಬೇಕಾಗುವುದಿಲ್ಲ, ಪೂರ್ತಿ ಬಲ ಸಿಗುತ್ತದೆ. 91ಕ್ಕೆಂದು ಹೊಂದಿಸಿದ ಇಂಜಿನ್ ಮೊದಲೇ ಹಿಂಜರಿಯುತ್ತಿರಲಿಲ್ಲವಾದ್ದರಿಂದ ಅದಕ್ಕೆ 100 ಹಾಕಿಸಿದರೂ ಹೇಳಿಕೊಳ್ಳುವಂಥ ಲಾಭವಿಲ್ಲ. ಡೀಸೆಲ್ ಕಾರಿನವರಿಗೆ ಈ ಚರ್ಚೆಯೇ ಅನ್ವಯಿಸದು. ಅಲ್ಲಿ ಇಂಧನ ತಾನಾಗಿಯೇ ಬೇಗ ಹೊತ್ತಿಕೊಳ್ಳಬೇಕು, ಅದರ ಅಳತೆ ಸೀಟೇನ್.

ಈಗ ಎಲ್ಲ ಲೆಕ್ಕವನ್ನೂ ಬದಲಿಸಿರುವುದು ಎಥನಾಲ್. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾದ ಇ20, ಅಂದರೆ ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್, 2025ರ ಹೊತ್ತಿಗೆ ದೇಶದ ಸಾದಾ ಪೆಟ್ರೋಲೇ ಆಗಿಬಿಟ್ಟಿತು. ಕಬ್ಬಿನ ಜೊತೆಗೆ ಶಿಕಾರಿಪುರದ ಕಡೆ ಎಲ್ಲೆಡೆ ಬೆಳೆಯುವ ಮೆಕ್ಕೆಜೋಳದಂಥ ಧಾನ್ಯವೂ ಎಥನಾಲಿನ ಮೂಲ. ಆಲ್ಕೊಹಾಲುಗಳ ತಾಳಿಕೆ ಬಹಳ ಹೆಚ್ಚು, ಎಥನಾಲಿನ ರಾನ್ 108ರ ಆಸುಪಾಸು.   

ಇ20ಗೆ ಭಾರತೀಯ ಮಾನಕ ಗೊತ್ತುಮಾಡಿರುವ ಕನಿಷ್ಠ ಆಕ್ಟೇನ್ 95. ಅಂದರೆ ಸಾದಾ ನಳಿಗೆಯಲ್ಲಿ ಇ20 ಬರುತ್ತಿದ್ದರೆ, ಪಕ್ಕದ 95ಕ್ಕೆ ಹೆಚ್ಚು ಹಣ ಕೊಡುವಾಗ ಆಕ್ಟೇನ್ ದೃಷ್ಟಿಯಿಂದ ಹೆಚ್ಚೇನೂ ಸಿಗುವುದಿಲ್ಲ. ಸಿಗುವುದು ಇಂಜೆಕ್ಟರ್, ವಾಲ್ವ್‌ಗಳಿಗೆ ಕಾರ್ಬನ್ ಕಟ್ಟದಂತೆ ಬೆರೆಸಿದ ಶುದ್ಧಿಕಾರಕಗಳು ಮಾತ್ರ. ಲೀಟರಿಗೆ ಎಂಟು ರೂಪಾಯಿ ಹೆಚ್ಚು ಎಂದಿಟ್ಟುಕೊಂಡರೂ ತಿಂಗಳಿಗೆ 40 ಲೀಟರ್ ಹಾಕಿಸುವವರಿಗೆ ವರ್ಷಕ್ಕೆ 3,840 ರೂಪಾಯಿ. ಅದೇ ಹಣದಲ್ಲಿ ಹೊತ್ತಿಗೆ ಸರಿಯಾಗಿ ಇಂಜಿನ್ ಆಯಿಲ್, ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್ ಬದಲಿಸಿದರೆ ಕಾರಿಗೆ ಹೆಚ್ಚು ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ.

ಎಥನಾಲಿನ ಇನ್ನೊಂದು ಮುಖವನ್ನೂ ಹೇಳಲೇಬೇಕು. ಒಂದು ಲೀಟರ್ ಎಥನಾಲಿನಲ್ಲಿರುವ ಶಕ್ತಿ ಪೆಟ್ರೋಲಿನ ಮೂರರಲ್ಲಿ ಎರಡು ಪಾಲು ಮಾತ್ರ. ಇ10ಕ್ಕೆ ಹೊಂದಿಸಿದ ಹಳೆಯ ಕಾರುಗಳಲ್ಲಿ ಇ20ಯಿಂದ ಮೈಲೇಜ್ ಶೇ. 6-7ರಷ್ಟು ಇಳಿಯಬಹುದೆಂದು 2021ರ ನೀತಿ ಆಯೋಗದ ವರದಿಯೇ ಅಂದಾಜಿಸಿತ್ತು. ಆಕ್ಟೇನ್ ಏರಿದರೂ ಮೈಲೇಜ್ ಇಳಿಯುತ್ತದೆ ಎಂದಮೇಲೆ ಇವೆರಡೂ ಬೇರೆ ಬೇರೆ ಗುಣಗಳೆಂಬುದು ಸ್ಪಷ್ಟ. 2023ರ ಏಪ್ರಿಲ್‌ಗಿಂತ ಹಿಂದಿನ ಕಾರಾದರೆ ಅದರ ಭಾಗಗಳು ಇ20 ತಾಳುವಂಥವಲ್ಲದಿರಬಹುದು, ಸರ್ವಿಸ್ ಮಾಡಿಸುವಾಗ ಪೆಟ್ರೋಲ್ ಪೈಪ್, ರಬ್ಬರ್ ಸೀಲ್‌ಗಳನ್ನು ತೋರಿಸಿ. ಪ್ರೀಮಿಯಂ ಎಂದ ಮಾತ್ರಕ್ಕೆ ಅದರಲ್ಲಿ ಎಥನಾಲ್ ಇಲ್ಲವೆಂದು ತಿಳಿಯಬೇಡಿ, ಬಂಕ್‌ನಲ್ಲಿ ಕೇಳಿ.

ನಿಮ್ಮ ಕಾರು ನಾಕ್ ಆಗುತ್ತಿದೆಯೇ ಎಂದು ತಿಳಿಯಲು ಶಿವಮೊಗ್ಗ–ಭದ್ರಾವತಿಯ ಸಮತಟ್ಟಾದ ರಸ್ತೆ ಸಾಲದು. ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಎತ್ತರದ ಶಿವಮೊಗ್ಗದಲ್ಲಿ ಗಾಳಿಯೊತ್ತಡ ಕರಾವಳಿಗಿಂತ ಶೇ. 6ರಷ್ಟು ಕಡಿಮೆ. ಟರ್ಬೊ ಇಲ್ಲದ ಇಂಜಿನ್ನಿಗೆ ಅಷ್ಟರಮಟ್ಟಿಗೆ ಇಲ್ಲಿ ಹಗುರ. ನಿಜವಾದ ಪರೀಕ್ಷೆ ಉಡುಪಿಯಿಂದ ಮರಳುವಾಗ ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವ ದಾರಿಯಲ್ಲಿ, ಇಲ್ಲವೇ ಹುಲಿಕಲ್ ಘಾಟಿಯಲ್ಲಿ. ಏಪ್ರಿಲ್ ಬಿಸಿಲು, ಕಾರಿನ ತುಂಬ ಜನ, ಎ.ಸಿ. ಬೇರೆ. ತಿರುವಿನಲ್ಲಿ ವೇಗ ಇಳಿದರೂ ಮೂರನೇ ಗೇರಿನಲ್ಲೇ ಆಕ್ಸಿಲರೇಟರ್ ಒತ್ತಿಹಿಡಿದರೆ ಆ ಟಿಣ್ ಟಿಣ್ ಸದ್ದು ಬರಬಹುದು. ಇಂಜಿನ್ ನಿಧಾನ ಸುತ್ತುತ್ತಾ ಪೂರ್ತಿ ಭಾರ ಹೊತ್ತಾಗ ಮಿಶ್ರಣಕ್ಕೆ ತಾನಾಗಿ ಹೊತ್ತಿಕೊಳ್ಳಲು ಹೆಚ್ಚು ಸಮಯ ಸಿಗುತ್ತದೆ. ಆಗ ಕೂಡಲೇ ಎರಡನೇ ಗೇರಿಗೆ ಇಳಿಸಿ, ಸದ್ದು ನಿಂತರೆ ದೋಷ ಓಡಿಸಿದ ರೀತಿಯದು. ನಿಲ್ಲದಿದ್ದರೆ ಮುಂದಿನ ಸಲ ಬೇರೆ ಬಂಕ್‌ನಲ್ಲಿ ಹೆಚ್ಚು ಆಕ್ಟೇನಿನದನ್ನು ಹಾಕಿಸಿ ನೋಡಿ. ಆಗಲೂ ಸದ್ದು ಉಳಿದರೆ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಲ್ಲೋ ನಿಮ್ಮ ಸರ್ವಿಸ್ ಸೆಂಟರಿನಲ್ಲೋ ಕಾರ್ಬನ್, ಪ್ಲಗ್, ಕೂಲಂಟ್, ನಾಕ್ ಸೆನ್ಸರ್‌ಗಳನ್ನು ನೋಡಿಸಿ. ಕೆಟ್ಟ ಸೆನ್ಸರಿಗೆ ದುಬಾರಿ ಪೆಟ್ರೋಲ್ ಮದ್ದಾಗದು.

ಮಲೆನಾಡಿನ ಮಳೆಗಾಲಕ್ಕೆ ಇನ್ನೊಂದು ಎಚ್ಚರಿಕೆ ಬೇಕು. ಎಥನಾಲ್ ನೀರನ್ನು ಹೀರುತ್ತದೆ. ನೀರು ಮಿತಿ ಮೀರಿದರೆ ಎರಡೂ ಸೇರಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಮೇಲುಳಿದ ಪೆಟ್ರೋಲ್ ತನ್ನ ಆಕ್ಟೇನ್ ಕಳೆದುಕೊಳ್ಳುತ್ತದೆ, ತಳದಲ್ಲಿರುವ ಪಂಪ್ ನೀರನ್ನೇ ಎಳೆಯುತ್ತದೆ. ಬೆಂಗಳೂರಿನಲ್ಲಿರುವ ಮಕ್ಕಳ ಕಾರು ಜೂನ್‌ನಿಂದ ಮನೆಯ ಮುಂದೆ ನಿಂತೇ ಇದ್ದರೆ ಟ್ಯಾಂಕ್ ತುಂಬಿಸಿಡಿ, ಒಳಗೆ ತೇವದ ಗಾಳಿಗೆ ಜಾಗ ಉಳಿಯದು. ಮುಚ್ಚಳದ ರಬ್ಬರ್ ವಾಷರ್ ಬಿರಿದಿದ್ದರೆ ಬದಲಿಸಿ. ಆಗಾಗ ಕಾರನ್ನು ಒಂದು ಸುತ್ತು ಓಡಿಸಿ, ಹಳೆಯದು ಖರ್ಚಾದಂತೆ ಹೊಸ ಪೆಟ್ರೋಲ್ ಸೇರಿಸುತ್ತಿರಿ.