ಜೀಪಿನ ಮೈ ತಿಕ್ಕಿದ ದಿನಗಳು

ಬೆಳಿಗ್ಗೆ ಎಂಟರ ಹೊತ್ತಿಗೆ ನಮ್ಮ ಓಣಿಯಲ್ಲಿ ಎರಡು ಸಪ್ಪಳ ಏಳುತ್ತವೆ. ಆಚೆ ಕಣದಲ್ಲಿ ಗೋವಿನಜೋಳ ಒಕ್ಕುವ ಯಂತ್ರ ಗುಡುಗುತ್ತದೆ. ಈಚೆ ಹಿತ್ತಲ ತಗಡಿನ ಚಪ್ಪರದ ಕೆಳಗೆ, ನೀರು ಕುಡಿದು ಮೆತ್ತಗಾದ ಎಮರಿ ಕಾಗದ ಜೀಪಿನ ಬಾನೆಟ್ಟಿನ ಮೇಲೆ ಸರ್ರ್ ಸರ್ರ್ ಎಂದು ಹರಿದಾಡುತ್ತದೆ. ಬಕೆಟ್ಟಿನಲ್ಲಿ ಸುಣ್ಣದ ತಿಳಿಯಂಥ ನೀರು. ಅವ್ವ ಆ ನೀರನ್ನು ಕರಿಬೇವಿನ ಗಿಡದ ಬುಡಕ್ಕೆ ಚೆಲ್ಲಬೇಡಿರೆಂದು ಮೂರು ಸಲ ಹೇಳಿ ಒಳಗೆ ಹೋಗಿದ್ದಾಳೆ.

ಜೀಪಿಗೆ ಮೈಮೇಲೆ ಏನೂ ಇಲ್ಲ. ಹುಡ್ ಇಳಿಸಿದ್ದೇವೆ, ಮುಂದಿನ ಗಾಜನ್ನು ಚೌಕಟ್ಟಿನ ಸಮೇತ ಬಿಚ್ಚಿ ಗೋಡೆಗೆ ಒರಗಿಸಿದ್ದೇವೆ, ಸೀಟುಗಳು ಕಟ್ಟೆಯ ಮೇಲೆ ಬಿಸಿಲು ಕಾಯುತ್ತಿವೆ. ಗಾಲಿಗಳ ಜಾಗದಲ್ಲಿ ನಾಲ್ಕು ಹುಣಸೆ ದಿಮ್ಮಿಗಳು. ಜ್ಯಾಕಿನ ಮೇಲೆ ನಿಲ್ಲಿಸಿದ ಗಾಡಿಯ ಕೆಳಗೆ ಕೈ ಹಾಕಲು ಕಾಕಾ ಯಾರನ್ನೂ ಬಿಡುವುದಿಲ್ಲ. ಆತ ಇಪ್ಪತ್ತು ವರ್ಷ ಹಾನಗಲ್ಲ–ಅಕ್ಕಿಆಲೂರ–ತಿಳವಳ್ಳಿ ದಾರಿಯಲ್ಲಿ ಬಾಡಿಗೆ ಜೀಪು ಓಡಿಸಿದವನು.

ಇದು ಮಹೀಂದ್ರಾ ಎಂಎಂ 540. ಎರಡನೇ ಮಹಾಯುದ್ಧ ಮುಗಿದ ಮೇಲೆ, 1940ರ ದಶಕ ಕಳೆಯುವ ಮೊದಲೇ ಮಹೀಂದ್ರಾ ಕಂಪನಿ ಮುಂಬಯಿಯಲ್ಲಿ ಅಮೆರಿಕದ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿತು. ಆ ವಂಶದಲ್ಲಿ 1985ರ ಸುಮಾರಿಗೆ ಹುಟ್ಟಿದ್ದು 540. ಫ್ರಾನ್ಸಿನ ಪ್ಯೂಜೋ ವಿನ್ಯಾಸದ 2112 ಸಿಸಿ ಡೀಸೆಲ್ ಎಂಜಿನ್ನು, ನಾಲ್ಕೂ ಗಾಲಿಗೆ ಬಲ ಕೊಡುವ ಎರಡನೆಯ ಗೇರ್ ಸನ್ನೆ. ಇವತ್ತು ರಸ್ತೆಯಲ್ಲಿ ಮಿಂಚುವ ಥಾರ್ ಬಂದದ್ದು 2010ರಲ್ಲಿ, ಅದರ ಹೊಸ ರೂಪ 2020ರ ಅಕ್ಟೋಬರಿನಲ್ಲಿ. ನಮ್ಮದು ಅದಕ್ಕೆ ಅಜ್ಜನಾಗಬೇಕು. ಘಟ್ಟದ ಅಂಚಿನ ಒಂದು ಅಡಿಕೆ ತೋಟದ ಮನೆಯಿಂದ ತಂದೆವು. ನಂಬರು ಮಾತ್ರ ಕೆಎ 25. ಹಾವೇರಿ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಅಲ್ಲಿಯವರೆಗೆ ಹಾನಗಲ್ಲು ಧಾರವಾಡ ಜಿಲ್ಲೆಯ ತಾಲೂಕು, ನಮ್ಮ ಗಾಡಿಗಳಿಗೆಲ್ಲ ಅದೇ 25. ಈ ಜೀಪೂ ಒಂದು ಕಾಲಕ್ಕೆ ಈ ಸೀಮೆಯದೇ ಇರಬಹುದೆಂಬ ಗುಮಾನಿ ನನಗೆ ಅಂದೇ ಹುಟ್ಟಿತ್ತು.

ತರುವಾಗ ಅದರ ಬಣ್ಣ ಬಿಳಿ. ಬಿಳಿ ಎಂದರೆ ಗೋಡೆಗೆ ಹಚ್ಚುವಂಥ ದಪ್ಪ ಬಿಳಿ, ಬ್ರಷ್ಷಿನ ಕೂದಲಿನ ಗೀರು ಸಹಿತ. ಉಗುರಿನಿಂದ ಕೆರೆದರೆ ಹಪ್ಪಳದಂತೆ ಏಳುತ್ತಿತ್ತು. ಆರ್‌ಸಿ ಪುಸ್ತಕ ತೆಗೆದು ನೋಡಿದರೆ ಅದರಲ್ಲಿ ಬರೆದದ್ದು ನೀಲಿ.

ತಮ್ಮನಿಗೆ ಮಿಲಿಟರಿ ಹಸಿರು ಬೇಕಿತ್ತು. ಆ ಬಣ್ಣದ ಜೀಪಿನ ಚಿತ್ರಗಳನ್ನು ಮೊಬೈಲಿನಲ್ಲಿ ನೂರು ಸಲ ತೋರಿಸಿದ್ದಾನೆ. ಅದಾಗದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದಂತೆ ಆಲಿವ್ ಹಸಿರು ರಕ್ಷಣಾ ಇಲಾಖೆಯ ಗಾಡಿಗಳಿಗೆ ಮೀಸಲು. ಬೇರೆ ಬಣ್ಣ ಹಚ್ಚಬಹುದು, ಆದರೆ ಆರ್‌ಸಿಯಲ್ಲಿ ದಾಖಲಾಗಬೇಕು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದ್ದೂ ಇದನ್ನೇ: ಕಂಪನಿ ಮಾಡಿಕೊಟ್ಟ ಗಾಡಿಯ ಮೂಲ ಸ್ವರೂಪ ಬದಲಿಸುವಂತಿಲ್ಲ, ಬಣ್ಣದ ಬದಲಾವಣೆಯನ್ನು ಪುಸ್ತಕದಲ್ಲಿ ಕಾಣಿಸಬೇಕು. ಹದಿನೈದು ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೆ ನೋಂದಣಿ ನವೀಕರಣ ಬೇರೆ ಇದೆ. ಪುಸ್ತಕದಲ್ಲಿ ನೀಲಿ ಇದ್ದು ಅಂಗಳದಲ್ಲಿ ಬಿಳಿ ನಿಂತರೆ ಯಾವ ಇನ್‌ಸ್ಪೆಕ್ಟರು ಒಪ್ಪಿಯಾನು? ನೀಲಿಗೇ ಮರಳುವುದೆಂದು ತೀರ್ಮಾನವಾಯಿತು.

ಮುಂದೆ ಬಿಗಿದಿದ್ದ ಕಬ್ಬಿಣದ ಕೊಳವೆಯ ಬುಲ್‌ಗಾರ್ಡನ್ನು ಕಾಕಾ ಮೊದಲ ದಿನವೇ ಕಿತ್ತ. ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿಯೇ ಇವುಗಳ ಮೇಲೆ ಕ್ರಮ ಜರುಗಿಸಲು ರಾಜ್ಯಗಳಿಗೆ ಬರೆದಿದೆ. ಕಾಕಾನಿಗೆ ಆ ಪತ್ರದ ಸುದ್ದಿ ಗೊತ್ತಿಲ್ಲ. "ಸಾಲಿ ಹುಡುಗ್ರು ಅಡ್ಡ ಬರೂ ದಾರಿ ಇದು. ಗಾಡಿ ಮಾರಿ ಮುಂದ ಹಾರಿ ಯಾಕ ಕಟ್ಟಬೇಕು?" ಎಂದ. ಅದರ ತೂಕಕ್ಕೆ ಗುಜರಿಯವನು ಕೊಟ್ಟ ದುಡ್ಡಿನಲ್ಲಿ ಎಮರಿ ಕಾಗದ, ಥಿನ್ನರು ಬಂದವು.

ಹಳೆಯ ಗಾಡಿ ಕೊಳ್ಳುವವರೆಲ್ಲ ಕಲಿಯಬೇಕಾದ ಒಂದು ವಿದ್ಯೆಯನ್ನು ನಾನು ಕೊಂಡ ಮೇಲೆ ಕಲಿತೆ. ಕೆಟ್ಟ ಸ್ಪೀಕರಿನಿಂದ ಅಯಸ್ಕಾಂತ ಕಿತ್ತು, ಗೀರು ಬೀಳದಂತೆ ಹತ್ತಿ ಅರಿವೆಯಲ್ಲಿ ಸುತ್ತಿ, ತಗಡಿನ ಮೇಲೆ ಮೆಲ್ಲಗೆ ಎಳೆಯುತ್ತ ಹೋಗಬೇಕು. ತಗಡಿದ್ದಲ್ಲಿ ಅದು ಕೈ ಜಗ್ಗುತ್ತದೆ. ಬಾನೆಟ್ಟಿನ ಉದ್ದಕ್ಕೂ ಜಗ್ಗಿತು, ಎಡ ಮಡ್‌ಗಾರ್ಡಿನಲ್ಲಿ ಜಗ್ಗಿತು. ಬಲ ಮಡ್‌ಗಾರ್ಡಿನ ಕೆಳಗಂಚಿಗೆ ಬಂದಾಗ ಸತ್ತಂತೆ ಜಾರಿ ನೆಲಕ್ಕೆ ಬಿತ್ತು. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದರೆ ಟಣ್ ಎನ್ನುವ ಬದಲು ಡಬ್ ಎಂದಿತು. ಕೆರೆದೆವು. ಬೆರಳು ಗಾತ್ರದ ಪುಟ್ಟಿ, ಅದರ ಹಿಂದೆ ಸೊಳ್ಳೆ ಜಾಳಿಗೆಯ ತುಂಡು, ಅದರ ಹಿಂದೆ ತುರುಕಿದ ಕನ್ನಡ ಪತ್ರಿಕೆಯ ಉಂಡೆ. ಬಿಡಿಸಿದಾಗ ಬ್ಯಾಡಗಿ ಮೆಣಸಿನಕಾಯಿ ಧಾರಣೆಯ ಅರ್ಧ ಪಟ್ಟಿ ಕೈಗೆ ಬಂತು. ತಗಡು ಇರಬೇಕಾದಲ್ಲಿ ಅಂಗೈ ಅಗಲದ ತೂತು. ಮಾರಿದವನ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ತೂತಿದ್ದದ್ದಕ್ಕಲ್ಲ, ಮುಚ್ಚಿದ್ದಕ್ಕೆ.

ಪುಟ್ಟಿ ಎಂಬುದು ಪಾಲಿಯೆಸ್ಟರ್ ಅಂಟಿನಲ್ಲಿ ಕಲಸಿದ ಬಳಪದ ಪುಡಿ. ಸಾಸಿವೆ ಗಾತ್ರದ ಹಾರ್ಡನರ್ ಬೆರೆಸಿದರೆ ನಾಲ್ಕೈದು ನಿಮಿಷದಲ್ಲಿ ಗಟ್ಟಿಯಾಗುತ್ತದೆ. ಎರಡು ಮಿಲಿಮೀಟರು ಆಳದ ತಗ್ಗು ತುಂಬಲು ಅದಕ್ಕಿಂತ ಒಳ್ಳೆಯ ಸಾಮಾನಿಲ್ಲ. ಆದರೆ ಪುಟ್ಟಿ ನೀರು ಹೀರುತ್ತದೆ. ಹಾನಗಲ್ಲಿನದು ಅರ್ಧ ಮಲೆನಾಡಿನ ಮಳೆ. ಭತ್ತದ ಗದ್ದೆಯ ಕೆಸರು ಮಡ್‌ಗಾರ್ಡಿನ ಒಳಗೆ ಮೆತ್ತಿಕೊಂಡು ದೀಪಾವಳಿಯವರೆಗೂ ತೇವ ಹಿಡಿದಿರುತ್ತದೆ. ಹೊರಗೆ ಬಣ್ಣ ನಗುತ್ತಿದ್ದರೂ ಒಳಗೆ ಜಂಗು ತಿನ್ನುತ್ತಲೇ ಇರುತ್ತದೆ. ನಮ್ಮ ತಾರಕೇಶ್ವರ ಗುಡಿಯ ಕಂಬಗಳೂ ಬಳಪದ ಕಲ್ಲಿನವೇ. ಚಾಲುಕ್ಯರ ಕಾಲದಲ್ಲಿ ಕಡೆದು ತಿಕ್ಕಿದ ಆ ಕಂಬಗಳ ಮೇಲೆ ಇಂದಿಗೂ ಬೆರಳು ಜಾರುತ್ತದೆ. ಚಿಕ್ಕಂದಿನಲ್ಲಿ ಮಂಟಪದ ನೆತ್ತಿಯಿಂದ ಇಳಿಬಿದ್ದ ಕಲ್ಲಿನ ಕಮಲ ನೋಡುತ್ತ ಕಂಬಕ್ಕೆ ಕೆನ್ನೆ ಒತ್ತಿ ನಿಲ್ಲುತ್ತಿದ್ದೆ. ಆ ನುಣುಪು ಮೇಲೆ ಬಳಿದದ್ದಲ್ಲ, ಕಲ್ಲಿನದೇ. ಈ ಹಿತ್ತಲಲ್ಲಿ ಎಮರಿ ಹಿಡಿದು ಕೂತಾಗೆಲ್ಲ ಅದು ನೆನಪಾಗುತ್ತದೆ.

ಟ್ರ್ಯಾಲಿ ಮಾಡುವ ವೆಲ್ಡರ್ ಒಬ್ಬ ತೂತಿನ ಸುತ್ತ ಹಸನಾದ ತಗಡು ಸಿಗುವತನಕ ಕತ್ತರಿಸಿ, 18 ಗೇಜಿನ ಹೊಸ ತುಂಡನ್ನು ಚುಕ್ಕೆ ಚುಕ್ಕೆಯಾಗಿ ಬೆಸೆದುಕೊಟ್ಟ. ಒಂದೇ ಉಸಿರಿಗೆ ಎಳೆದರೆ ತಗಡು ಕಾದು ಸೊಟ್ಟಗಾಗುತ್ತದಂತೆ. ಉಳಿದದ್ದೆಲ್ಲ ನಮ್ಮ ಕೈಕೆಲಸ. ತಂತಿ ಬ್ರಷ್ಷಿನಿಂದ ಜಂಗು ಕೆರೆದು, ಫಾಸ್ಫಾರಿಕ್ ಆಮ್ಲದ ದ್ರಾವಣ ಸವರಿದರೆ ಉಳಿದ ಕೆಂಪು ಕಣ್ಣೆದುರೇ ಕಪ್ಪಾಗಿ ಪೊರೆಗಟ್ಟುತ್ತದೆ. ತೊಳೆದು ಒಣಗಿಸಿ ಅಂದೇ ಪ್ರೈಮರ್ ಕೊಡಬೇಕು. ಬೆತ್ತಲೆ ತಗಡು ಒಂದು ರಾತ್ರಿ ಇಬ್ಬನಿಗೆ ಸಿಕ್ಕರೆ ಮುಂಜಾನೆಗೆ ಮತ್ತೆ ಕೆಂಪು. "ಬಣ್ಣ ಗಾಡೀ ಚರ್ಮ ಐತಿ ತಮ್ಮಾ," ಎನ್ನುತ್ತಾನೆ ಕಾಕಾ. "ಕಿತ್ತ ಜಾಗಾದಾಗ ಮಳಿ ಹೊಕ್ಕತೈತಿ." ಶೋಕಿಗೆ ಬಣ್ಣ ಹಚ್ಚುತ್ತಾರೆಂದು ಆಡಿಕೊಳ್ಳುವವರಿಗೆ ಈ ಮಾತು ಕೇಳಿಸಬೇಕೆಂದು ನನ್ನ ಆಸೆ.

ತಿಕ್ಕುವುದಕ್ಕೊಂದು ಕ್ರಮವಿದೆ. ಹಳೆ ಬಣ್ಣ ಕೀಳಲು 80ರ ಕಾಗದ, ಪುಟ್ಟಿ ಸಮ ಮಾಡಲು 220, ಪ್ರೈಮರಿನ ಮೇಲೆ 400, ಬಣ್ಣದ ಪದರುಗಳ ನಡುವೆ 800. ಸಂಖ್ಯೆ ಏರಿದಷ್ಟೂ ಕಾಗದ ನುಣುಪು. ನೀರಿಗೆ ಒಂದು ಹನಿ ಪಾತ್ರೆ ಸೋಪು ಬೆರೆಸಿದರೆ ಕಾಗದ ಕಟ್ಟಿಕೊಳ್ಳುವುದಿಲ್ಲ. ಬೆರಳಿನಿಂದ ಒತ್ತಿದರೆ ಬೆರಳಿನಷ್ಟೇ ಸಾಲು ಬೀಳುತ್ತದೆ, ಅದಕ್ಕೆ ಕಾಗದವನ್ನು ರಬ್ಬರಿನ ತುಂಡಿಗೆ ಸುತ್ತಿ ಹಿಡಿಯಬೇಕು. ಕಣ್ಣು ಮುಚ್ಚಿ ಅಂಗೈ ಆಡಿಸಿದರೆ ಕಣ್ಣಿಗೆ ಕಾಣದ ಉಬ್ಬು ತಗ್ಗುಗಳೆಲ್ಲ ತಿಳಿಯುತ್ತವೆ.

ಹಿಂದಿನ ತಗಡಿನ ಬಾಗಿಲಿಗೆ ಕೈ ಹಚ್ಚಿದ್ದು ಒಂದು ಮಂಗಳವಾರ. ಬಿಳಿ ಹೋಯಿತು, ಕೆಳಗಿನ ನೀಲಿ ಕಂಡಿತು. ಮೋಡ ಸರಿದ ಹಾಗೆ ನೀಲಿಯ ಮೇಲೆ ಹಳದಿಯ ಒಂದು ಬಾಗು ತೋರಿತು. ತಮ್ಮ ಕೈ ನಿಲ್ಲಿಸಿದ. ಅಲ್ಲಿಂದ 400ರ ಕಾಗದಕ್ಕೆ ಇಳಿದು, ಕೂಸಿನ ಮೈ ತೊಳೆದಂತೆ ತಿಕ್ಕಿದೆವು. ಮೊದಲು ‘ಹಾ’, ಆಮೇಲೆ ಅರ್ಧ ಅಳಿಸಿದ ‘ನ’, ‘ಗ’ದ ಜಾಗದಲ್ಲಿ ಗೀರು ಮಾತ್ರ, ಕೊನೆಗೆ ಇಡಿಯಾಗಿ ಒಂದು ‘ಲ್ಲ’.

ಹಾನಗಲ್ಲ.

ಕಾಕಾ ಕಟ್ಟೆಯಿಂದ ಇಳಿದು ಬಂದು ಬಹಳ ಹೊತ್ತು ನೋಡಿದ. "ಊರ ಗಾಡಿ ಊರಿಗೆ ಬಂತಲ್ಲೋ," ಎಂದು ಒಳಗೆ ಹೋಗಿ ಅವ್ವನನ್ನು ಕರೆತಂದ. ಅವ್ವ ಸೆರಗಿಗೆ ಕೈ ಒರೆಸಿಕೊಂಡು ಆ ಅಕ್ಷರ ಮುಟ್ಟಿದಳು.

ಪೇಂಟರ್ ಚಾಚಾನಿಗೆ ಹೇಳಿಕಳಿಸಿದೆವು. ಊರಿನ ಅಂಗಡಿ ಬೋರ್ಡುಗಳು ಫ್ಲೆಕ್ಸಿಗೆ ಹೋದ ಮೇಲೆ ಆತನ ಬ್ರಷ್ಷಿಗೆ ಉಳಿದ ಕೆಲಸ ನಂಬರ್ ಪ್ಲೇಟು, ಟ್ರ್ಯಾಲಿಯ ಹೆಸರು, ದೀಪಾವಳಿ ಬಂತೆಂದರೆ ಹೋರಿಗಳ ಹೆಸರಿನ ಹಲಗೆ. ನಂಬರ್ ಪ್ಲೇಟನ್ನೂ ಈಗ ಅಚ್ಚೊತ್ತಿದ ಎಚ್‌ಎಸ್‌ಆರ್‌ಪಿ ನುಂಗಿತು. ಚಾಚಾ ಬಾಗಿಲಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಕನ್ನಡಕ ಹಣೆಗೇರಿಸಿ, ‘ಲ್ಲ’ದ ಒತ್ತಿನ ಮೇಲೆ ಬೆರಳಾಡಿಸಿದ. ಕೆಳಗೆ ಇಳಿದು, ಬಲಕ್ಕೆ ಹೊರಳಿ, ಹೋರಿಯ ಕೊಂಬಿನ ಹಾಗೆ ಮೇಲಕ್ಕೆ ಬಾಗಿದ ಒತ್ತು.

"ಇದು ನಮ್ಮ ಉಸ್ತಾದರ ಕೈ ರೀ," ಎಂದ. "ಒತ್ತು ಹಿಂಗ ಯಾರೂ ಎಳೀತಿದ್ದಿಲ್ಲ."

ಜೇಬಿನಿಂದ ಮಡಿಸಿದ ಬೆಣ್ಣೆಕಾಗದ ತೆಗೆದು ಬಾಗಿಲಿಗೆ ಅಂಟಿಸಿ, ಪೆನ್ಸಿಲಿನಿಂದ ಅಕ್ಷರ ಇಳಿಸಿಕೊಂಡ. ಇಲ್ಲದ ‘ಗ’ವನ್ನು ನೆನಪಿನಿಂದ ತುಂಬಿದ. ಅದಾದ ಮೇಲೆಯೇ ಬಾಗಿಲನ್ನು ಪೂರ್ತಿ ತಿಕ್ಕಲು ನಮಗೆ ಅಪ್ಪಣೆ ಸಿಕ್ಕಿತು. ಅಡಿಯ ಜಂಗು ಬಿಟ್ಟು ಅಕ್ಷರ ಉಳಿಸಿಕೊಂಡಿದ್ದರೆ ಎರಡು ಮಳೆಗಾಲದಲ್ಲಿ ಅಕ್ಷರವೂ ಇರುತ್ತಿರಲಿಲ್ಲ, ಬಾಗಿಲೂ ಇರುತ್ತಿರಲಿಲ್ಲ. ಹಾಗೆಂದು ತಿಳಿದಿದ್ದರೂ ಆ ಹಳದಿ ನೀರಾಗಿ ಬಕೆಟ್ಟಿಗೆ ಇಳಿಯುವಾಗ ನಾನು ಬೇರೆ ಕಡೆ ನೋಡಿದೆ.

ಬಣ್ಣ ಹೊಡೆಯುವ ದಿನ ತಪ್ಪು ಮಾಡಿದೆವು. ಪಿಯು (ಪಾಲಿಯುರೆಥೇನ್) ಬಣ್ಣಕ್ಕೆ ಹೊಳಪು, ಬಾಳಿಕೆ ಎರಡೂ ಹೆಚ್ಚು. ಆದರೆ ಅದರ ಹಾರ್ಡನರಿನ ಐಸೋಸಯನೇಟ್ ಎದೆಗೆ ವಿಷ, ಮೂಗಿಗೆ ಅರಿವೆ ಕಟ್ಟಿಕೊಂಡರೆ ತಡೆಯುವಂಥದ್ದಲ್ಲ. ಮನೆಯಲ್ಲಿ ಮಕ್ಕಳಿದ್ದಾರೆಂದು ಎನ್‌ಸಿ (ನೈಟ್ರೋಸೆಲ್ಯುಲೋಸ್) ಬಣ್ಣ ತಂದು, ಬಾಡಿಗೆಗೆ ಕಂಪ್ರೆಸರು, ಗನ್ನು ತಂದೆವು. ಎನ್‌ಸಿಯ ಹೊಗೆಯೂ ಒಳ್ಳೆಯದಲ್ಲ. ಮಕ್ಕಳನ್ನು ಅಜ್ಜಿಯ ಮನೆಗೆ ಕಳಿಸಿ, ನಾವು ಬಣ್ಣ ಹೊಡೆಯುವವರ ಮಾಸ್ಕು ಹಾಕಿಕೊಂಡೆವು. ಮಧ್ಯಾಹ್ನದ ಬಿಸಿಲು ನೋಡಿ ಶುರು ಮಾಡಿದ್ದು, ನಾಲ್ಕಕ್ಕೆ ಆನೆಕೆರೆಯ ಕಡೆಯಿಂದ ಮೋಡ ಕವಿಯಿತು. ಹೊಡೆದ ನೀಲಿ ಕಣ್ಣೆದುರೇ ಹಾಲು ಚೆಲ್ಲಿದಂತೆ ಬೆಳ್ಳಗಾಯಿತು. ಥಿನ್ನರು ಬೇಗ ಆರುವಾಗ ತಗಡಿನ ಮೈ ತಣ್ಣಗಾಗಿ, ಗಾಳಿಯ ತೇವ ಹಸಿ ಬಣ್ಣದ ಮೇಲೆ ಇಳಿದು ಹೀಗಾಗುತ್ತದೆ. ಅದೇ ಹೊತ್ತಿಗೆ ಆಚೆ ಕಣದ ರಾಶಿ ಯಂತ್ರವನ್ನು ಗಾಳಿಗೆ ತಿರುಗಿಸಿದರು. ಗೋವಿನಜೋಳದ ಕೆಂಪು ಹೊಟ್ಟು ಬಂದು ಬಾನೆಟ್ಟಿನ ತುಂಬ ಅಂಟಿತು. ತಮ್ಮ ಗನ್ನನ್ನು ಕೆಳಗಿಟ್ಟು ಸುಮ್ಮನೆ ಕೂತುಬಿಟ್ಟ.

"ಅಳೂದೇನೈತಿ? ಎನ್‌ಸಿ ಅಂದ್ರ ಮತ್ತ ತಿಕ್ಕಾಕ ಬರತೈತಿ," ಎಂದ ಚಾಚಾ. ಎರಡು ದಿನ ಬಿಟ್ಟು, 800ರ ಕಾಗದದಿಂದ ಹೊಟ್ಟು ತೆಗೆದೆವು. ಕಣದವರ ಜೊತೆ ಮಾತಾಡಿ, ಅವರು ಊಟಕ್ಕೆ ಯಂತ್ರ ನಿಲ್ಲಿಸುವ ಹೊತ್ತನ್ನೇ ನಾವು ಹಿಡಿದೆವು. ನಿಧಾನ ಆರುವ ಥಿನ್ನರು, ಧೂಳು, ಹೊಟ್ಟು ತಡೆಯಲು ಚಪ್ಪರದ ಸುತ್ತ ಒದ್ದೆ ಗೋಣಿಚೀಲ, ನೆಲಕ್ಕೆ ನೀರು. ನೆತ್ತಿಯ ಬಿಸಿಲು ಎಷ್ಟು ಚುರುಕಿತ್ತೆಂದರೆ ಒದ್ದೆ ಗೋಣಿಯ ತೇವವೂ ಬಣ್ಣವನ್ನು ಮುಟ್ಟಲಿಲ್ಲ. ಮೂರು ತೆಳು ಪದರು. ಎಡ ಮಡ್‌ಗಾರ್ಡಿನಲ್ಲಿ ಒಂದು ಹನಿ ಇಳಿದು ಗಟ್ಟಿಯಾಗಿದೆ. ಅದನ್ನು ತಿಕ್ಕಿ ತೆಗೆಯಲು ತಮ್ಮ ಬಿಡಲಿಲ್ಲ, ಅದು ಅವನ ಕೈಯದು.

ಸಣ್ಣ ಕೆಲಸಗಳಲ್ಲಿ ಹತ್ತು ದಿನ ಹೋದವು. ಸ್ಟಿಯರಿಂಗಿನ ಬಿರುಕುಗಳಿಗೆ ಎಂ-ಸೀಲ್ ನಾದಿ ತುಂಬಿ, ಅರ ಹಾಕಿ ಉಜ್ಜಿ, ಕಪ್ಪು ಬಣ್ಣ ಕೊಟ್ಟೆ. ಗಾಲಿಗಳಿಗೆ ಬೂದಿ ಬಣ್ಣ. ಅಲಾಯ್ ಬೇಡವೆಂದು ಮೂವರೂ ಒಪ್ಪಿದ್ದು ಇದೊಂದೇ ವಿಷಯದಲ್ಲಿ. ಹುಬ್ಬಳ್ಳಿಯಿಂದ ತಂದ ಕ್ಯಾನ್ವಾಸಿನಲ್ಲಿ ಹುಡ್ ಹೊಲಿಸಿದೆವು. ಸೀಟಿನ ರೆಕ್ಸಿನ್ನು ಯಾವುದಿರಬೇಕೆಂದು ಅವ್ವನನ್ನು ಕೇಳಿದೆವು. "ಕೆಸರು ಕಾಣಬಾರದು," ಎಂದಳು. ಕಂದು ಬಂತು.

ದೀಪಾವಳಿ ಹತ್ತಿರ. ಹಾವೇರಿ ಸೀಮೆಯ ಹಳ್ಳಿಗಳಲ್ಲಿ ಹೋರಿ ಹಬ್ಬದ ತಯಾರಿ ನಡೆದಿದೆ. ಹೋರಿಯ ಬೆನ್ನಿಗೆ ಹೊದಿಸುವ ಜೂಲಾ ಹೊಲಿಯುತ್ತಿದ್ದಾರೆ, ಒಣಕೊಬ್ಬರಿ ಪೋಣಿಸುತ್ತಿದ್ದಾರೆ, ಕೊಂಬು ಹೆರೆದು ಬಣ್ಣ ಹಚ್ಚುತ್ತಿದ್ದಾರೆ, ಬಲೂನು, ರಿಬ್ಬನ್ನು ಅಂಗಡಿ ಅಂಗಡಿಯಲ್ಲಿ ತೂಗುತ್ತಿವೆ. ವರ್ಷವಿಡೀ ದುಡಿದ ಎತ್ತಿನ ಮೈಯನ್ನು ತಿಕ್ಕಿ ತೊಳೆದು ಸಿಂಗರಿಸುವ ಊರಿನಲ್ಲಿ ಮುದಿ ಜೀಪಿಗೆ ಇಷ್ಟು ದಿನ ಕೊಟ್ಟದ್ದನ್ನು ಯಾರೂ ಹುಚ್ಚು ಎನ್ನಲಿಲ್ಲ. ದಾರಿಯಲ್ಲಿ ಹೋಗುವವರು ಒಳಗೆ ಬಂದು, ಬಾನೆಟ್ಟಿನ ಮೇಲೆ ಅಂಗೈ ಆಡಿಸಿ, ಚಹಾ ಕುಡಿದು ಹೋಗುತ್ತಾರೆ.

ಚಾಚಾನಿಗೆ ಕೈ ತುಂಬ ಹೋರಿಗಳ ಹಲಗೆ. ಆದರೂ ಒಂದು ಸಂಜೆ ಬಂದ. ಬೆಣ್ಣೆಕಾಗದದ ಹಿಂದೆ ಸೀಮೆಸುಣ್ಣ ಸವರಿ ಬಾಗಿಲಿಗೆ ಒತ್ತಿದ. ಗೆರೆಯ ಮೇಲೆ ಗೆರೆ ಎಳೆದಾಗ ನೀಲಿಯ ಮೇಲೆ ಬೆಳ್ಳನೆಯ ನೆರಳಕ್ಷರ ಮೂಡಿತು. ಎಡಗೈಯಲ್ಲಿ ಅರಿವೆ ಸುತ್ತಿದ ಕೋಲು ಹಿಡಿದು, ಅದರ ಮೇಲೆ ಬಲಗೈ ಮಣಿಕಟ್ಟು ಊರಿ, ಅಳಿಲಿನ ಕೂದಲಿನ ಬ್ರಷ್ಷನ್ನು ಹಳದಿಯಲ್ಲಿ ಅದ್ದಿದ. ‘ಹಾ’ ಆಯಿತು. ‘ನ’ ಆಯಿತು. ‘ಗ’ದ ಬಳಿ ತುಸು ಯೋಚಿಸಿದ. ‘ಲ’ ಬರೆದು, ಬ್ರಷ್ಷನ್ನು ಮತ್ತೆ ಅದ್ದಿ, ಒತ್ತಿಗೆ ಇಳಿಯುವ ಮೊದಲು ಉಸಿರು ಹಿಡಿದ. ಕಾಕಾ ಬ್ಯಾಟರಿ ಹಿಡಿದಿದ್ದ. ಬ್ರಷ್ಷು ಕೆಳಗೆ ಇಳಿಯಿತು, ಬಲಕ್ಕೆ ಹೊರಳಿತು.